ಇಜಿಆರ್ ಪೈಪ್ ಬದಲಿಸುವ ಮುನ್ನ, ಬದಲಿಸುವಾಗ, ಬದಲಿಸಿದ ಮೇಲೆ

ಇಜಿಆರ್ (ಎಕ್ಸಾಸ್ಟ್ ಗ್ಯಾಸ್ ರೀಸರ್ಕ್ಯುಲೇಷನ್) ಪೈಪ್ ಅಂದರೆ ಸುಟ್ಟ ಹೊಗೆಯಲ್ಲಿ ಸ್ವಲ್ಪವನ್ನು ಮತ್ತೆ ಎಂಜಿನ್‌ಗೇ ಒಯ್ಯುವ ಕೊಳವೆ. ಪೆಟ್ರೋಲ್ ಕಾರಿನಲ್ಲಿ ಅದು ಬರೀ ವಯಸ್ಸಾಯಿತು ಅಂತ ಒಡೆಯುವುದು ಕಡಿಮೆ. ಒಡೆದಿದೆ ಅಂದರೆ ಅದನ್ನು ಏನೋ ಒಂದು ಎಳೆಯುತ್ತಿರುತ್ತದೆ, ಅಲ್ಲಾಡಿಸುತ್ತಿರುತ್ತದೆ, ಇಲ್ಲವೇ ಹಿಂದೆ ಬಿಚ್ಚಿದವರು ಒಂದು ಬ್ರ್ಯಾಕೆಟ್ಟನ್ನೋ ಬೋಲ್ಟನ್ನೋ ವಾಪಸ್ ಹಾಕದೆ ಬಿಟ್ಟಿರುತ್ತಾರೆ. ಆ ಕಾರಣ ಹುಡುಕದೆ ಹೊಸ ಪೈಪ್ ಹಾಕಿದರೆ ಅದೂ ಅದೇ ಜಾಗದಲ್ಲಿ ಬಿರುಕು ಬಿಡುತ್ತದೆ. ಈ ಬರಹದಲ್ಲಿ ಪೈಪ್ ಬಿಚ್ಚಿ ಹಾಕುವ ಕ್ರಮವನ್ನು ಪೂರ್ತಿ ಹೇಳುತ್ತೇನೆ. ಆದರೆ ಓದುವಾಗ ಒಂದು ಪ್ರಶ್ನೆಯನ್ನು ಕೈಬಿಡಬೇಡಿ: ಹಳೆಯದು ಯಾಕೆ ಹೋಯಿತು?

ಸ್ಪ್ಯಾನರ್ ಹಿಡಿದು ಅಭ್ಯಾಸ ಇರುವವರು, ಆಯಿಲ್ ಬದಲಿಸುವುದು, ಸ್ಪಾರ್ಕ್ ಪ್ಲಗ್ ಬಿಚ್ಚುವುದು, ಬ್ರೇಕ್ ಪ್ಯಾಡ್ ಹಾಕುವುದು ಇಂಥದ್ದನ್ನೆಲ್ಲ ಮಾಡಿಕೊಂಡವರು ಈ ಕೆಲಸಕ್ಕೆ ಧೈರ್ಯವಾಗಿ ಕೈ ಹಾಕಬಹುದು. ಮೊದಲ ಸಲ ಬಾನೆಟ್ ಎತ್ತುವವರು ಇದರಿಂದ ಶುರು ಮಾಡುವುದು ಬೇಡ. ಆದರೂ ಓದಿಕೊಳ್ಳಿ, ಗ್ಯಾರೇಜಿನಲ್ಲಿ ನಿಂತು ಕೆಲಸ ನೋಡುವಾಗ ಏನು ಕೇಳಬೇಕು ಅನ್ನುವುದು ತಿಳಿಯುತ್ತದೆ.

ಈ ಪೈಪ್ ಇರುವುದೇಕೆ

ಸಿಲಿಂಡರಿನೊಳಗೆ ಉರಿಯ ಬಿಸಿ ತೀರಾ ಏರಿದಾಗ ಗಾಳಿಯಲ್ಲಿರುವ ಸಾರಜನಕ ಮತ್ತು ಆಮ್ಲಜನಕ ಸೇರಿ ನೈಟ್ರೋಜನ್ ಆಕ್ಸೈಡ್‌ಗಳು ಹುಟ್ಟುತ್ತವೆ. ಬಿಸಿಲಿಗೆ ಓಝೋನ್ ಆಗಿ ಎದೆ ಉರಿಸುವ ಹೊಗೆಮಂಜಿಗೆ ಇವೇ ಮೂಲ. ಇದನ್ನು ತಗ್ಗಿಸಲು ಸುಟ್ಟ ಹೊಗೆಯಲ್ಲೇ ಸ್ವಲ್ಪ ಪಾಲನ್ನು ಮತ್ತೆ ಇನ್‌ಟೇಕ್‌ಗೆ, ಅಂದರೆ ಎಂಜಿನ್‌ಗೆ ಗಾಳಿ ಹೋಗುವ ದಾರಿಗೆ ಬಿಡುತ್ತಾರೆ. ಒಮ್ಮೆ ಉರಿದ ಹೊಗೆ ಮತ್ತೆ ಉರಿಯದು, ಸುಮ್ಮನೆ ಬಿಸಿಯನ್ನು ಹೀರಿಕೊಳ್ಳುತ್ತದೆ, ಉರಿಯ ಉಷ್ಣತೆ ಇಳಿಯುತ್ತದೆ. ಎಕ್ಸಾಸ್ಟ್ ಕಡೆಯಿಂದ ಇಜಿಆರ್ ವಾಲ್ವ್ (ಹೊಗೆಯನ್ನು ಬೇಕಾದಾಗ ಬಿಡುವ, ತಡೆಯುವ ಬಾಗಿಲು) ತನಕ ಆ ಹೊಗೆಯನ್ನು ಒಯ್ಯುವ ಉಕ್ಕಿನ ಕೊಳವೆಯೇ ನಮ್ಮ ಪೈಪ್. ಕಾರುಗಳಲ್ಲಿ ಈ ವ್ಯವಸ್ಥೆ 1970ರ ದಶಕದಿಂದಲೂ ಇದೆ.

ಪೆಟ್ರೋಲ್ ಎಂಜಿನ್‌ಗೆ ಇದರಿಂದ ಇನ್ನೂ ಎರಡು ಲಾಭ ಇವೆ, ಬಹಳ ಜನ ಇದನ್ನು ಹೇಳುವುದಿಲ್ಲ. ಥ್ರಾಟಲ್ (ಎಂಜಿನ್‌ಗೆ ಹೋಗುವ ಗಾಳಿಯ ಬಾಗಿಲು) ಅರ್ಧ ತೆರೆದು ಓಡುವಾಗ ಒಳಬರುವ ಗಾಳಿಯ ಜೊತೆ ಹೊಗೆಯೂ ಸೇರುವುದರಿಂದ ಅಷ್ಟೇ ಶಕ್ತಿಗೆ ಥ್ರಾಟಲ್ ಇನ್ನೊಂದಿಷ್ಟು ತೆರೆಯುತ್ತದೆ. ಗಾಳಿ ಎಳೆದುಕೊಳ್ಳಲು ಎಂಜಿನ್ ಪಡುವ ಶ್ರಮ ಕಡಿಮೆಯಾಗುತ್ತದೆ. ಎಂಜಿನ್ ಕುಟ್ಟುವುದು, ಅಂದರೆ ನಾಕಿಂಗ್, ಅದೂ ತಗ್ಗುತ್ತದೆ. ಹೀಗಾಗಿ ‘ಇಜಿಆರ್ ಬ್ಲಾಕ್ ಮಾಡಿಸಿ ಸಾರ್, ಮೈಲೇಜ್ ಬರುತ್ತೆ’ ಅನ್ನುವ ಸಲಹೆಗೆ ಪೆಟ್ರೋಲ್ ಕಾರಿನಲ್ಲಿ ಆಧಾರವೇ ಇಲ್ಲ.

ಎಲ್ಲ ಪೆಟ್ರೋಲ್ ಕಾರುಗಳಲ್ಲೂ ಈ ಪೈಪ್ ಇರುವುದಿಲ್ಲ. ಕೆಲವು ಎಂಜಿನ್‌ಗಳು ವಾಲ್ವ್ ಟೈಮಿಂಗ್ ಬದಲಿಸಿಯೇ ಸುಟ್ಟ ಹೊಗೆಯನ್ನು ಸಿಲಿಂಡರಿನೊಳಗೆ ಉಳಿಸಿಕೊಳ್ಳುತ್ತವೆ. ಕೆಲವದರಲ್ಲಿ ಸಿಲಿಂಡರ್ ಹೆಡ್‌ನೊಳಗೇ ದಾರಿ ಕೊರೆದಿರುತ್ತಾರೆ. ಮಾರುತಿಯ ಡ್ಯುಯಲ್‌ಜೆಟ್ ಎಂಜಿನ್‌ನಂಥವುಗಳಲ್ಲಿ ಹೊಗೆಯನ್ನು ಕೂಲೆಂಟ್‌ನಿಂದ ತಣಿಸಿ ಒಳಬಿಡುವ ಕೂಲರ್ ಇದೆ. ನಾನು ಇಲ್ಲಿ ಹೇಳುವುದು ಕೂಲರ್ ಇಲ್ಲದ ಸಾದಾ ಪೈಪ್ ಬಗ್ಗೆ. ನಿಮ್ಮದರಲ್ಲಿ ಕೂಲರ್ ಇದ್ದು ಪೈಪಿನ ಜೊತೆ ಅದನ್ನೂ ಸಡಿಲಿಸಬೇಕು ಅಂತಾದರೆ ಕೂಲೆಂಟ್ ಇಳಿಸಿ, ಮತ್ತೆ ತುಂಬಿ, ಗಾಳಿ ಹೊರಹಾಕುವ ಕೆಲಸವೂ ಸೇರುತ್ತದೆ. ಆಗ ಆ ಎಂಜಿನ್‌ನ ಸರ್ವಿಸ್ ಮ್ಯಾನುವಲ್ ಕೈಯಲ್ಲಿ ಇಲ್ಲದೆ ಮುಂದೆ ಹೋಗಬೇಡಿ.

ನಿಜವಾಗಿ ಪೈಪೇ ಹೋಗಿದೆಯಾ?

ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದದ್ದು ಇಲ್ಲಿ. ಪೈಪ್ ಒಡೆದರೆ ಕಾಣುವ ಲಕ್ಷಣ ಅದು ಯಾವ ಕಡೆ ಇದೆ ಅನ್ನುವುದರ ಮೇಲೆ ಹೋಗುತ್ತದೆ. ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನಿಂದ (ಎಲ್ಲ ಸಿಲಿಂಡರ್‌ಗಳ ಹೊಗೆ ಒಂದಾಗುವ ಕವಲು ಕೊಳವೆ) ವಾಲ್ವ್‌ವರೆಗಿನ ಪೈಪಿನಲ್ಲಿ ಎಂಜಿನ್ ಓಡುವಷ್ಟು ಹೊತ್ತೂ ಹೊಗೆಯ ಒತ್ತಡ ಇರುತ್ತದೆ. ಅಲ್ಲಿ ಬಿರುಕು ಬಿಟ್ಟರೆ ಬೆಳಗ್ಗೆ ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಅಥವಾ ಪಫ್ ಪಫ್ ಸದ್ದು ಬರುತ್ತದೆ. ಆಕ್ಸಿಲರೇಟರ್ ಒತ್ತಿದರೆ ಸದ್ದು ಜೋರಾಗುತ್ತದೆ. ಲೋಹ ಬಿಸಿಯಾಗಿ ಹಿಗ್ಗಿ ಬಿರುಕು ಮುಚ್ಚಿಕೊಂಡರೆ ಹತ್ತು ನಿಮಿಷದಲ್ಲಿ ಸದ್ದು ಅಡಗಿಬಿಡುವುದೂ ಉಂಟು. ಇದನ್ನು ಟ್ಯಾಪೆಟ್ ಸದ್ದು ಅಂತ ತಪ್ಪು ತಿಳಿದು ಹೆಡ್ ಕವರ್ ಬಿಚ್ಚುವವರಿದ್ದಾರೆ. ಒಂದಡಿ ಉದ್ದದ ರಬ್ಬರ್ ಹೋಸ್ ತುಂಡನ್ನು ಕಿವಿಗಿಟ್ಟುಕೊಂಡು ಇನ್ನೊಂದು ತುದಿಯನ್ನು ಪೈಪಿನ ಸುತ್ತ ಆಡಿಸಿ. ಸದ್ದಿನ ಜಾಗ ಸಿಗುತ್ತದೆ. ಹೋಸ್ ಲೋಹಕ್ಕೆ ತಾಗದಿರಲಿ, ಕೈ ಫ್ಯಾನ್ ಮತ್ತು ಬೆಲ್ಟ್‌ನಿಂದ ದೂರ ಇರಲಿ.

ವಾಲ್ವ್ ಎಕ್ಸಾಸ್ಟ್ ಹತ್ತಿರವೇ ಇದ್ದು, ಪೈಪ್ ವಾಲ್ವ್‌ನಿಂದ ಇನ್‌ಟೇಕ್‌ಗೆ ಹೋಗುವ ಎಂಜಿನ್‌ಗಳೂ ಇವೆ. ಆ ಪೈಪಿನಲ್ಲಿ ಇರುವುದು ವ್ಯಾಕ್ಯೂಮ್. ಅಲ್ಲಿ ಬಿರುಕಾದರೆ ಹೊಗೆ ಹೊರಬರುವುದಿಲ್ಲ, ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಸಿಗ್ನಲ್‌ನಲ್ಲಿ ನಿಂತಾಗ ಐಡಲ್ ಏರಿಳಿಯುತ್ತದೆ, ಎಂಜಿನ್ ನಡುಗುತ್ತದೆ, ಚೆಕ್ ಎಂಜಿನ್ ಲೈಟ್ ಹತ್ತಿ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ ಅನ್ನುವ ಪಿ0171 ಕೋಡ್ ಬರಬಹುದು.

ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡ್ ಓದುವ ಸ್ಕ್ಯಾನರ್‌ನಲ್ಲಿ ಇಜಿಆರ್ ಹೆಸರಿನ ಕೋಡ್ ಬಂದ ಮಾತ್ರಕ್ಕೆ ಪೈಪ್ ತರಲು ಓಡಬೇಡಿ. ಪಿ0401 ಅಂದರೆ ಹೊಗೆ ಸಾಕಷ್ಟು ಹರಿಯುತ್ತಿಲ್ಲ ಅಂತ. ಪೈಪ್ ಒಡೆದರೂ ಅದು ಬರಬಹುದು, ಆದರೆ ಮಸಿ ಕಟ್ಟಿಕೊಂಡ ದಾರಿಗೇ ಹೆಚ್ಚಾಗಿ ಬರುತ್ತದೆ. ಪಿ0402 ಅಂದರೆ ಹರಿವು ಅತಿಯಾಗಿದೆ, ವಾಲ್ವ್ ತೆರೆದೇ ಅಂಟಿಕೊಂಡಿರಬಹುದು. ಪಿ0403 ವಾಲ್ವ್‌ನ ವಿದ್ಯುತ್ ಸರ್ಕ್ಯೂಟಿಗೆ ಸಂಬಂಧಿಸಿದ್ದು, ಅದಕ್ಕೂ ಪೈಪಿಗೂ ನಂಟಿಲ್ಲ. ನಮ್ಮ ಬಡಾವಣೆಗಳಲ್ಲಿ ರಾತ್ರಿಯಿಡೀ ನಿಂತ ಕಾರಿನ ವೈರ್ ಇಲಿ ಕಡಿಯುವುದು ಮಾಮೂಲು, ಮೊದಲು ಕನೆಕ್ಟರ್‌ನ ಹಿಂದೆ ವೈರ್ ಸರಿಯಿದೆಯಾ ನೋಡಿ.

ದಾರಿ ಕಟ್ಟಿದೆಯಾ ತೆರೆದಿದೆಯಾ ತಿಳಿಯಲು ಸುಲಭದ ಪರೀಕ್ಷೆ ಇದೆ. ಬಿಸಿಯಾದ ಎಂಜಿನ್ ಐಡಲ್‌ನಲ್ಲಿರುವಾಗ ವಾಲ್ವನ್ನು ಬೇಕಂತಲೇ ತೆರೆಯಿಸಿ. ವ್ಯಾಕ್ಯೂಮ್‌ನಿಂದ ನಡೆಯುವ ಹಳೆಯ ವಾಲ್ವ್ ಆದರೆ ಕೈಪಂಪ್ ಸಾಕು, ವಿದ್ಯುತ್ ವಾಲ್ವ್ ಆದರೆ ಅದನ್ನು ಚಾಲನೆ ಮಾಡಬಲ್ಲ ಸ್ಕ್ಯಾನರ್ ಬೇಕು. ಎಂಜಿನ್ ತೊದಲಿ ಆರಿಹೋಗುವ ಹಾಗಾದರೆ ದಾರಿ ಸರಿಯಿದೆ. ಏನೂ ಆಗದಿದ್ದರೆ ಎಲ್ಲೋ ಮಸಿ ಕಟ್ಟಿದೆ, ಇಲ್ಲವೇ ವಾಲ್ವೇ ತೆರೆಯುತ್ತಿಲ್ಲ. ಹತ್ತಿರದ ಅಂಗಡಿಗೆ, ಮಕ್ಕಳ ಶಾಲೆಗೆ ಅಂತ ಎಂಜಿನ್ ಪೂರ್ತಿ ಬಿಸಿಯಾಗುವ ಮುಂಚೆಯೇ ಓಡಾಟ ಮುಗಿಸುವ ಬೆಂಗಳೂರಿನ ಕಾರುಗಳಲ್ಲಿ ಮಸಿ ಬೇಗ ಸೇರುತ್ತದೆ.

ಸ್ಕ್ಯಾನರ್ ಬಳಸುವವರಿಗೆ ಊರಿನ ಎತ್ತರದ ಬಗ್ಗೆ ಒಂದು ಮಾತು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಎಂಜಿನ್ ಸ್ಟಾರ್ಟ್ ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿದಾಗ ಮ್ಯಾನಿಫೋಲ್ಡ್ ಒತ್ತಡದ ಸೆನ್ಸರ್ ಇಲ್ಲಿ 91 ಕಿಲೋಪ್ಯಾಸ್ಕಲ್ ಆಸುಪಾಸು ತೋರಿಸಬೇಕು. ಅಂತರ್ಜಾಲದ ವಿಡಿಯೋಗಳಲ್ಲಿ 101 ಬರಬೇಕು ಅನ್ನುತ್ತಾರೆ, ಅದು ಕಡಲ ತೀರದ ಲೆಕ್ಕ. ಅದನ್ನು ನಂಬಿ ಒಳ್ಳೆಯ ಸೆನ್ಸರ್ ಕಿತ್ತು ಹಾಕಬೇಡಿ.

ಕಣ್ಣಿಗೆ ಕಾಣುವ ಸಾಕ್ಷಿಯೇ ಕೊನೆಗೆ ತೀರ್ಪು ಕೊಡುವುದು. ಎಂಜಿನ್ ತಣ್ಣಗಿರುವಾಗ ಟಾರ್ಚ್ ಮತ್ತು ಚಿಕ್ಕ ಕನ್ನಡಿ ಹಿಡಿದು ಪೈಪಿನ ಉದ್ದಕ್ಕೂ ನೋಡಿ. ಬಹಳಷ್ಟು ಪೈಪ್‌ಗಳ ನಡುವೆ ಮಡಿಕೆ ಮಡಿಕೆಯಾದ ಭಾಗ ಇರುತ್ತದೆ. ಬಿಸಿಗೆ ಹಿಗ್ಗಿ ಕುಗ್ಗಲು ಕೊಟ್ಟ ಜಾಗ ಅದು. ಬಿರುಕು ಸಾಮಾನ್ಯವಾಗಿ ಆ ಮಡಿಕೆಯ ತಗ್ಗಿನಲ್ಲಿ ಕೂದಲೆಳೆಯಷ್ಟು ತೆಳುವಾಗಿ ಕೂತಿರುತ್ತದೆ, ಅದೂ ಎಂಜಿನ್ ಕಡೆಗೆ ತಿರುಗಿದ ಮೈಯಲ್ಲಿ. ಎದುರಿನಿಂದ ನೋಡಿದರೆ ಪೈಪ್ ಹೊಚ್ಚ ಹೊಸದರಂತೆ ಇರಬಹುದು, ಹಿಂದಿನಿಂದ ಕನ್ನಡಿ ಹಿಡಿದಾಗ ಅರ್ಧ ಸುತ್ತು ಸೀಳಿರುವುದು ಕಾಣುತ್ತದೆ. ಎರಡನೆಯ ಜಾಗ ಫ್ಲ್ಯಾಂಜ್ (ಪೈಪಿನ ತುದಿಯಲ್ಲಿ ಬೋಲ್ಟ್ ಹಾಕುವ ಚಪ್ಪಟೆ ಪಟ್ಟಿ) ಮತ್ತು ಪೈಪ್ ಸೇರುವ ವೆಲ್ಡ್. ಮೂರನೆಯದು ಫ್ಲ್ಯಾಂಜ್ ಕೂರುವ ಮುಖ: ಅಲ್ಲಿಂದ ಸುತ್ತಲಿನ ಲೋಹದ ಮೇಲೆ ಮಸಿ ಬೀಸಣಿಗೆಯಂತೆ ಹರಡಿದ್ದರೆ ಪೈಪ್ ಚೆನ್ನಾಗಿದೆ, ಸೋರದಂತೆ ನಡುವೆ ಇಡುವ ಗ್ಯಾಸ್ಕೆಟ್ ಸುಟ್ಟಿದೆ. ಬರೀ ಗ್ಯಾಸ್ಕೆಟ್‌ನಲ್ಲಿ ಮುಗಿಯುವ ಕೆಲಸಕ್ಕೆ ಪೈಪ್ ಕೊಳ್ಳಬೇಕಿಲ್ಲ.

ಇನ್ನೂ ಅನುಮಾನ ಇದ್ದರೆ ಎಂಜಿನ್ ಪೂರ್ತಿ ತಣಿದ ಮೇಲೆ, ವ್ಯಾಕ್ಯೂಮ್ ಕ್ಲೀನರ್‌ನ ಗಾಳಿ ಊದುವ ಕಡೆಯನ್ನು ಬಟ್ಟೆ ಸುತ್ತಿ ಸೈಲೆನ್ಸರ್ ಬಾಯಿಗೆ ಹಿಡಿದು ಗಾಳಿ ಊದಿಸಿ, ಪೈಪ್ ಮೇಲೆ ಸೋಪಿನ ನೀರು ಸಿಂಪಡಿಸಿ. ಗುಳ್ಳೆ ಎದ್ದಲ್ಲಿ ಬಿರುಕು. ಬಿಸಿ ಎಂಜಿನ್ ಮೇಲೆ ಕಾರ್ಬ್ ಕ್ಲೀನರ್ ಸಿಂಪಡಿಸಿ ಪರೀಕ್ಷಿಸುವ ಪದ್ಧತಿ ಇದೆ, ಎಕ್ಸಾಸ್ಟ್ ಕಡೆ ಅದನ್ನು ಯಾವತ್ತೂ ಮಾಡಬೇಡಿ. ಅದು ಹೊತ್ತಿ ಉರಿಯುವ ದ್ರವ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಎಸಿಗೆ ಹೊರಗಾಳಿ ಹೋಗುವ ದಾರಿ ಮುಂದಿನ ಗಾಜಿನ ಕೆಳಗೇ ಇದೆ. ಪೈಪಿನಿಂದ ಸೋರಿದ ಹೊಗೆ ಅಲ್ಲಿಂದ ಕಾರಿನೊಳಗೆ ಬರುತ್ತದೆ, ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ, ಅದಕ್ಕೆ ಬಣ್ಣವೂ ಇಲ್ಲ ವಾಸನೆಯೂ ಇಲ್ಲ. ಗಂಟೆಗಟ್ಟಲೆ ಟ್ರಾಫಿಕ್‌ನಲ್ಲಿ ನಿಂತ ಕಾರಿನಲ್ಲಿ ಹಿಂದಿನ ಸೀಟಿನ ಮಗುವಿಗೆ ತಲೆನೋವು, ತೂಕಡಿಕೆ ಬಂದರೆ ಹಸಿವು, ಬಿಸಿಲು ಅಂತ ತಳ್ಳಿಹಾಕಬೇಡಿ. ಒಳಗೆ ಹೊಗೆಯ ವಾಸನೆ ಬರುತ್ತಿದ್ದರೆ ದುರಸ್ತಿಯಾಗುವವರೆಗೆ ಆ ಕಾರು ನಿಂತಿರಲಿ.

ಸಾಮಾನು ತರುವುದು

ಪೈಪ್ ಕೊಳ್ಳುವಾಗ ಕಾರಿನ ಮಾಡೆಲ್ ಹೆಸರು ಹೇಳಿದರೆ ಸಾಲದು. ಒಂದೇ ಹೆಸರಿನ ಕಾರಿಗೆ ಬೇರೆ ಬೇರೆ ವರ್ಷ ಬೇರೆ ಎಂಜಿನ್, ಬೇರೆ ಬಾಗಿನ ಪೈಪ್ ಇರುತ್ತದೆ. ವಾಹನದ ಹೊಗೆಗೆ ಮಿತಿ ಹಾಕುವ ಭಾರತ್ ಸ್ಟೇಜ್ ನಿಯಮಗಳಲ್ಲಿ ಬೆಂಗಳೂರಿಗೆ ಬಿಎಸ್4 ಬಂದದ್ದು 2010ರ ಏಪ್ರಿಲ್‌ನಲ್ಲಿ, ದೇಶಕ್ಕೆಲ್ಲ ಬಿಎಸ್6 ಬಂದದ್ದು 2020ರ ಏಪ್ರಿಲ್‌ನಲ್ಲಿ. ಪೆಟ್ರೋಲ್ ಕಾರಿನ ನೈಟ್ರೋಜನ್ ಆಕ್ಸೈಡ್ ಮಿತಿ ಆಗ ಕಿಲೋಮೀಟರಿಗೆ 80 ಮಿಲಿಗ್ರಾಂನಿಂದ 60ಕ್ಕೆ ಇಳಿಯಿತು. ಇಂಥ ತಿರುವುಗಳಲ್ಲಿ ಬಿಡಿಭಾಗಗಳೂ ಬದಲಾಗುತ್ತವೆ. ಆರ್‌ಸಿಯಲ್ಲಿರುವ ಚಾಸಿಸ್ ನಂಬರ್ ಕೊಟ್ಟರೆ ಕಂಪನಿಯ ಸ್ಪೇರ್ಸ್ ಕೌಂಟರ್‌ನವರು ಪಾರ್ಟ್ ನಂಬರ್ ತೆಗೆದುಕೊಡುತ್ತಾರೆ. ಆ ನಂಬರ್ ಬರೆದುಕೊಂಡು ಜೆ.ಸಿ. ರಸ್ತೆಗೆ ಹೋದರೂ ಆಯಿತು. ಅಲ್ಲಿ ಅಂಗಡಿಯವರು ಕೇಳುವ ಮೊದಲ ಮಾತೇ ‘ಸ್ಯಾಂಪಲ್ ತಂದಿದ್ದೀರಾ ಸಾರ್?’ ಅಂತ. ಹಳೆ ಪೈಪ್ ಇನ್ನೂ ಕಾರಿನಲ್ಲೇ ಇದ್ದರೆ ಎರಡೂ ತುದಿಯ ಮತ್ತು ಬ್ರ್ಯಾಕೆಟ್ ಇರುವ ಜಾಗದ ಫೋಟೋ ಇಟ್ಟುಕೊಳ್ಳಿ.

ಶಿವಾಜಿನಗರದ ಗುಜರಿ ಅಂಗಡಿಯಲ್ಲಿ ಹಳೆಯ ಪೈಪ್ ಅಗ್ಗಕ್ಕೆ ಸಿಗಬಹುದು. ಬ್ರ್ಯಾಕೆಟ್, ಕ್ಲಾಂಪ್, ಹೀಟ್ ಶೀಲ್ಡ್ ಬೇಕಾದರೆ ಅಲ್ಲಿಂದ ಧಾರಾಳವಾಗಿ ತನ್ನಿ, ಪೈಪ್ ಮಾತ್ರ ಬೇಡ. ಇನ್ನೊಂದು ಎಂಜಿನ್ ಮೇಲೆ ವರ್ಷಗಟ್ಟಲೆ ಕಾದು ತಣಿದ ಮಡಿಕೆಯೊಳಗೆ ಎಷ್ಟು ಜೀವ ಉಳಿದಿದೆ ಅಂತ ಹೊರಗಿನಿಂದ ಹೇಳುವುದು ಯಾರಿಂದಲೂ ಆಗದು. ಒಡೆದ ಪೈಪಿಗೆ ವೆಲ್ಡಿಂಗ್ ಮಾಡಿಸುವುದರ ಬಗ್ಗೆಯೂ ಹೀಗೇ: ನೇರವಾದ ಗಟ್ಟಿ ಪೈಪಿನಲ್ಲಿ, ಫ್ಲ್ಯಾಂಜ್ ಪಕ್ಕದ ಬಿರುಕನ್ನು ಒಳ್ಳೆಯ ಆರ್ಗಾನ್ ವೆಲ್ಡರ್ ಮುಚ್ಚಿಕೊಡಬಲ್ಲ, ಫ್ಲ್ಯಾಂಜ್ ಡೊಂಕಾಗದಿದ್ದರೆ ಅದು ಬಾಳುತ್ತದೆ. ಮಡಿಕೆಯ ಭಾಗಕ್ಕೆ ವೆಲ್ಡಿಂಗ್ ಮಾಡಿದರೆ ಆ ಜಾಗ ಬಾಗುವುದನ್ನು ನಿಲ್ಲಿಸುತ್ತದೆ, ಪಕ್ಕದ ಮಡಿಕೆ ಸೀಳುತ್ತದೆ.

ಪೈಪಿನ ಜೊತೆ ಎರಡೂ ತುದಿಯ ಹೊಸ ಲೋಹದ ಗ್ಯಾಸ್ಕೆಟ್, ಎಕ್ಸಾಸ್ಟ್ ಕಡೆಯ ಹೊಸ ಸ್ಟಡ್ (ತಲೆ ಇಲ್ಲದ ಬೋಲ್ಟ್) ಮತ್ತು ನಟ್ ತನ್ನಿ. ಮನೆಯಲ್ಲಿ ಇರಬೇಕಾದವು: 10, 12, 13, 14 ಎಂಎಂ ಸಾಕೆಟ್ ಮತ್ತು ರಿಂಗ್ ಸ್ಪ್ಯಾನರ್, ಉದ್ದ ಎಕ್ಸ್‌ಟೆನ್ಷನ್, ತಿರುಗುವ ಜಾಯಿಂಟ್, ಟಾರ್ಕ್ ರೆಂಚ್, ತುಕ್ಕು ಸಡಿಲಿಸುವ ಎಣ್ಣೆ, ವೈರ್ ಬ್ರಷ್, ಥ್ರೆಡ್ ಕಚ್ಚಿಕೊಳ್ಳದಂತೆ ಹಚ್ಚುವ, ಹೆಚ್ಚು ಬಿಸಿ ತಡೆಯುವ ಆಂಟಿ-ಸೀಜ್ ಪೇಸ್ಟ್, ಕಾರ್ಬ್ ಕ್ಲೀನರ್, ಕೈಗವಸು, ಕಣ್ಣಿಗೆ ಕನ್ನಡಕ. ಪೈಪಿನ ತುದಿಯಲ್ಲಿ ಬೋಲ್ಟ್ ಫ್ಲ್ಯಾಂಜ್ ಬದಲು ದೊಡ್ಡ ನಟ್ ಇದ್ದರೆ ಅದರ ಅಳತೆಯ ಫ್ಲೇರ್ ನಟ್ ಸ್ಪ್ಯಾನರ್ ಬೇಕೇ ಬೇಕು, ಸಾದಾ ಸ್ಪ್ಯಾನರ್ ಅದರ ಮೂಲೆ ತಿಂದುಹಾಕುತ್ತದೆ. ಟಾರ್ಕ್ ರೆಂಚ್ ಇಲ್ಲದವರು ಯಾರ ಹತ್ತಿರವಾದರೂ ಒಂದು ದಿನಕ್ಕೆ ಕೇಳಿ ತನ್ನಿ. ಕೈಯ ಅಂದಾಜಿನಲ್ಲಿ ಬಿಗಿ ಮಾಡುವ ಕೆಲಸ ಇದಲ್ಲ.

ಹಿಂದಿನ ಸಂಜೆಯೇ ಶುರು

ಕೆಲಸ ಭಾನುವಾರ ಅಂದರೆ ಎಣ್ಣೆ ಹಾಕುವುದು ಶನಿವಾರ ಸಂಜೆ. ಎಂಜಿನ್ ಕೈ ಮುಟ್ಟುವಷ್ಟು ಬೆಚ್ಚಗಿದ್ದಾಗ ಪ್ರತಿ ನಟ್, ಬೋಲ್ಟ್‌ನ ಥ್ರೆಡ್ ಸುತ್ತ ತುಕ್ಕು ಬಿಡಿಸುವ ಎಣ್ಣೆ ಬಿಡಿ, ಮಲಗುವ ಮುಂಚೆ ಇನ್ನೊಮ್ಮೆ ಬಿಡಿ. ಹೀಟ್ ಶೀಲ್ಡ್ ಹಿಡಿದಿರುವ ಚಿಕ್ಕ 10 ಎಂಎಂ ಬೋಲ್ಟ್‌ಗಳನ್ನು ಮರೆಯಬೇಡಿ, ಎಲ್ಲಕ್ಕಿಂತ ಮೊದಲು ಮುರಿಯುವುದು ಅವೇ. ಈ ಒಂದು ರಾತ್ರಿಯ ತಾಳ್ಮೆ ಮರುದಿನದ ಅರ್ಧ ಕೆಲಸ ಉಳಿಸುತ್ತದೆ. ಬೆಳಗ್ಗೆ ಎಂಜಿನ್ ಸ್ಟಾರ್ಟ್ ಮಾಡುವ ಮೊದಲು ಮೇಲೆ ಉಳಿದ ಎಣ್ಣೆಯನ್ನು ಬಟ್ಟೆಯಲ್ಲಿ ಒರೆಸಿ.

ಜಾಗದ ವಿಷಯ. ಅಪಾರ್ಟ್‌ಮೆಂಟ್‌ನ ಬೇಸ್‌ಮೆಂಟ್‌ನಲ್ಲಿ ಬಿಚ್ಚುವುದಕ್ಕೆ ತೊಂದರೆ ಇಲ್ಲ, ಆದರೆ ಎಂಜಿನ್ ಓಡಿಸಿ ಸದ್ದು ಕೇಳುವುದು, ಸೋರಿಕೆ ನೋಡುವುದು ಎಲ್ಲ ಬಯಲಿನಲ್ಲೇ ಆಗಬೇಕು. ಎಕ್ಸಾಸ್ಟ್ ಎಂಜಿನ್‌ನ ಮುಂಭಾಗದಲ್ಲಿ, ರೇಡಿಯೇಟರ್ ಕಡೆ ಇದ್ದರೆ ಪೂರ್ತಿ ಕೆಲಸ ಮೇಲಿನಿಂದಲೇ ಮುಗಿಯುತ್ತದೆ. ಹಿಂಭಾಗದಲ್ಲಿ ಇದ್ದರೆ ಕೆಳಗಿನಿಂದಲೂ ಕೈ ಹಾಕಬೇಕು. ಆಗ ಸಮತಟ್ಟಾದ ಗಟ್ಟಿ ನೆಲ, ಹ್ಯಾಂಡ್‌ಬ್ರೇಕ್, ಹಿಂದಿನ ಚಕ್ರಗಳಿಗೆ ಅಡ್ಡ, ಕಾರಿನ ಅಡಿ ಎರಡು ಆಕ್ಸಲ್ ಸ್ಟ್ಯಾಂಡ್. ಕಾರಿನ ಜೊತೆ ಕೊಟ್ಟ ಜ್ಯಾಕ್ ಚಕ್ರ ಬದಲಿಸಲು ಮಾತ್ರ. ಅದನ್ನೋ ಇಟ್ಟಿಗೆಯನ್ನೋ ನಂಬಿ ಕಾರಿನ ಕೆಳಗೆ ತಲೆ ಇಡಬೇಡಿ.

ಬಿಚ್ಚುವುದು

ಎಂಜಿನ್ ಪೂರ್ತಿ ತಣ್ಣಗಿರಲಿ. ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಏರ್ ಫಿಲ್ಟರ್ ಬಾಕ್ಸ್, ಗಾಳಿ ಹೋಗುವ ದೊಡ್ಡ ಹೋಸ್ ಅಡ್ಡ ಬಂದರೆ ಬಿಚ್ಚಿ, ತೆರೆದ ಥ್ರಾಟಲ್ ಬಾಡಿಯ ಬಾಯಿಗೆ ಸ್ವಚ್ಛ ಬಟ್ಟೆ ಮುಚ್ಚಿ. ಪ್ರತಿ ಹಂತಕ್ಕೆ ಮೊದಲು ಒಂದು ಫೋಟೋ ತೆಗೆದುಕೊಳ್ಳಿ. ಹತ್ತಿರದಲ್ಲಿ ಆಕ್ಸಿಜನ್ ಸೆನ್ಸರ್ ಇದ್ದರೆ ಅದರ ವೈರ್ ಎಳೆಯದಂತೆ ಪಕ್ಕಕ್ಕೆ ಕಟ್ಟಿ.

ಈಗ ಸ್ಪ್ಯಾನರ್ ಕೆಳಗಿಟ್ಟು ಎರಡು ನಿಮಿಷ ಪೈಪನ್ನು ನೋಡಿ. ಅದನ್ನು ನಡುವೆ ಹಿಡಿದಿರಬೇಕಾದ ಬ್ರ್ಯಾಕೆಟ್ ಇದೆಯಾ? ಬೋಲ್ಟ್ ತೂತು ಖಾಲಿ ಇದೆಯಾ? ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನ ನಟ್‌ಗಳೆಲ್ಲ ಇವೆಯಾ, ಬಿಗಿ ಇವೆಯಾ? ಇನ್‌ಟೇಕ್ ಮ್ಯಾನಿಫೋಲ್ಡ್‌ಗೆ ಕೆಳಗಿನಿಂದ ಕೊಟ್ಟ ಆಸರೆಯ ಪಟ್ಟಿ ಸಡಿಲವಾಗಿದೆಯಾ? ಕಾರಿನ ಕೆಳಗೆ ಬಗ್ಗಿ ಸೈಲೆನ್ಸರ್ ತೂಗುಹಾಕಿದ ರಬ್ಬರ್‌ಗಳನ್ನೂ ನೋಡಿ. ನಮ್ಮ ರಸ್ತೆಯ ಹಂಪ್‌ಗಳಿಗೆ ಉಜ್ಜಿ ಉಜ್ಜಿ ರಬ್ಬರ್ ಹರಿದರೆ ಸೈಲೆನ್ಸರ್‌ನ ಭಾರ ಮ್ಯಾನಿಫೋಲ್ಡ್ ಮೇಲೆ ಬೀಳುತ್ತದೆ, ಆ ಎಳೆತ ಮ್ಯಾನಿಫೋಲ್ಡ್‌ಗೆ ಕಟ್ಟಿದ ಪೈಪಿಗೂ ತಟ್ಟುತ್ತದೆ. ಎಂಜಿನ್ ಮೌಂಟ್ ಹಾಳಾಗಿ ಎಂಜಿನ್ ವಿಪರೀತ ನಡುಗುತ್ತಿದ್ದರೆ ಬ್ರ್ಯಾಕೆಟ್ ಇಲ್ಲದ ಪೈಪ್ ಬಹಳ ದಿನ ಉಳಿಯದು. ಇಲ್ಲಿ ಕಂಡದ್ದನ್ನು ಬರೆದಿಟ್ಟುಕೊಳ್ಳಿ, ಹೊಸ ಪೈಪಿನ ಆಯುಷ್ಯ ಇರುವುದು ಇದರಲ್ಲೇ.

ಮೊದಲು ಬ್ರ್ಯಾಕೆಟ್ ಬೋಲ್ಟ್, ಆಮೇಲೆ ವಾಲ್ವ್ ಕಡೆ, ಕೊನೆಗೆ ಎಕ್ಸಾಸ್ಟ್ ಕಡೆ ಬಿಚ್ಚಿ. ಬ್ರ್ಯಾಕೆಟ್ ಬಿಚ್ಚಿದ ಕ್ಷಣ ಪೈಪ್ ತಟಕ್ಕನೆ ಪಕ್ಕಕ್ಕೆ ಸರಿದರೆ ಅದು ಒತ್ತಡದಲ್ಲಿತ್ತು ಅಂತ ಅರ್ಥ. ಎಷ್ಟು, ಯಾವ ಕಡೆ ಸರಿಯಿತು ಗಮನಿಸಿ.

ತುಕ್ಕು ಹಿಡಿದ ನಟ್‌ಗೆ ಆರು ಮೂಲೆಯ ಸಾಕೆಟ್ ಬಳಸಿ, ಹನ್ನೆರಡು ಮೂಲೆಯದು ಜಾರುತ್ತದೆ. ಮೊದಲು ಬಿಗಿಯುವ ಕಡೆಗೆ ಒಂದಿಷ್ಟೇ ತಿರುಗಿಸಿ, ತುಕ್ಕಿನ ಹಿಡಿತ ಅಲ್ಲಿ ಬಿಡುತ್ತದೆ. ಆಮೇಲೆ ಬಿಚ್ಚುವ ಕಡೆಗೆ ಕಾಲು ಸುತ್ತು, ಮತ್ತೆ ಹಿಂದಕ್ಕೆ, ಮತ್ತೆ ಎಣ್ಣೆ. ಸ್ಪ್ಯಾನರ್ ಕೈಗೆ ಸ್ಪ್ರಿಂಗ್ ಥರ ಅನ್ನಿಸತೊಡಗಿದರೆ ನಿಲ್ಲಿಸಿ, ನಟ್ ತಿರುಗುತ್ತಿಲ್ಲ, ಸ್ಟಡ್ ತಿರುಚಿಕೊಳ್ಳುತ್ತಿದೆ. ಇನ್ನೊಂದು ಗಂಟೆ ಎಣ್ಣೆಯಲ್ಲಿ ನೆನೆಯಲು ಬಿಡಿ. ನಟ್ ಜೊತೆ ಸ್ಟಡ್ಡೇ ಪೂರ್ತಿ ಹೊರಬಂದರೆ ಸಂತೋಷಪಡಿ, ಹೇಗೂ ಹೊಸದು ತಂದಿದ್ದೀರಿ. ಪೆಟ್ರೋಲ್ ಲೈನ್ ಹತ್ತಿರ ಇರುವಾಗ ಗ್ಯಾಸ್ ಟಾರ್ಚ್‌ನಿಂದ ಕಾಯಿಸುವ ಸಾಹಸ ಮನೆಯಲ್ಲಿ ಬೇಡ.

ಸ್ಟಡ್ ಮುರಿದೇ ಹೋದರೆ ಹೊರಗೆ ಎಷ್ಟು ಉಳಿದಿದೆ ನೋಡಿ. ಹಿಡಿಯಲು ಸಿಗುವಷ್ಟು ಉಳಿದಿದ್ದರೆ ಅದರ ಮೇಲೆ ಹೊಸ ನಟ್ ಇಟ್ಟು ವೆಲ್ಡ್ ಮಾಡಿಸಿ ತಿರುಗಿಸುವುದು ಒಳ್ಳೆಯ ದಾರಿ. ವೆಲ್ಡಿಂಗ್‌ನ ಬಿಸಿಯೇ ತುಕ್ಕನ್ನು ಸಡಿಲಿಸುತ್ತದೆ. ಕಾರಿನ ಮೇಲೆ ವೆಲ್ಡ್ ಮಾಡುವಾಗ ಬ್ಯಾಟರಿ ಬಿಚ್ಚಿರಬೇಕು. ಮಟ್ಟಕ್ಕೆ ಮುರಿದಿದ್ದು ಅದು ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನಲ್ಲಿದ್ದರೆ ಮ್ಯಾನಿಫೋಲ್ಡ್ ಬಿಚ್ಚಿ ಲೇತ್ ಅಂಗಡಿಗೆ ಕೊಡಿ. ಅಲ್ಯೂಮಿನಿಯಂ ಹೆಡ್‌ನೊಳಗೆ ಮುರಿದಿದ್ದರೆ ಕೈ ಡ್ರಿಲ್ ಹಿಡಿಯಬೇಡಿ. ಉಕ್ಕಿಗಿಂತ ಮೆತ್ತಗಿನ ಲೋಹ ಅದು, ಡ್ರಿಲ್ ಜಾರಿ ಹೆಡ್ ಕೊರೆದುಬಿಡುತ್ತದೆ. ಅನುಭವ ಇರುವವರನ್ನು ಮನೆಗೆ ಕರೆಸುವ ಖರ್ಚು ಹೊಸ ಹೆಡ್‌ನ ಮುಂದೆ ಏನೂ ಅಲ್ಲ.

ಮುಖ ಶುಚಿ, ದಾರಿ ಶುಚಿ

ಪೈಪ್ ಹೊರಬಂದ ಮೇಲೆ ಎರಡೂ ಕಡೆಯ ರಂಧ್ರಗಳಿಗೆ ಎದ್ದು ಕಾಣುವ ಬಣ್ಣದ ಬಟ್ಟೆ ತುರುಕಿ, ಬಟ್ಟೆಗೆ ದಾರ ಕಟ್ಟಿ ದಾರದ ತುದಿ ಹೊರಗಿರಲಿ. ಒಳಗೆ ಮರೆತ ಬಟ್ಟೆ ಎಂಜಿನ್‌ಗೆ ಹೋದರೆ ಅನಾಹುತ. ಹಳೆ ಗ್ಯಾಸ್ಕೆಟ್‌ನ ಚೂರುಗಳನ್ನು ಕೆರೆದು ತೆಗೆಯಿರಿ. ಅಲ್ಯೂಮಿನಿಯಂ ಮುಖಕ್ಕೆ ಪ್ಲಾಸ್ಟಿಕ್ ಅಥವಾ ಮರದ ತುಂಡು ಬಳಸಿ, ಒಂದೇ ಗೀರು ಬಿದ್ದರೂ ಹೊಗೆಗೆ ದಾರಿ. ಉಕ್ಕಿನ ಅಳತೆಪಟ್ಟಿಯ ಅಂಚನ್ನು ಮುಖದ ಮೇಲೆ ಅಡ್ಡ ಇಟ್ಟು ಹಿಂದಿನಿಂದ ಟಾರ್ಚ್ ಬಿಡಿ. ಬೆಳಕು ತೂರಿ ಬಂದರೆ ಆ ಮುಖ ಬಾಗಿದೆ.

ಇನ್‌ಟೇಕ್ ಕಡೆಯ ರಂಧ್ರದಲ್ಲಿ ಗಟ್ಟಿ ಮಸಿ ಇದ್ದೇ ಇರುತ್ತದೆ. ಕಾರ್ಬ್ ಕ್ಲೀನರ್ ಬಟ್ಟೆಗೆ ಹಾಕಿ ನೆನೆಸಿ, ನೈಲಾನ್ ಬ್ರಷ್‌ನಿಂದ ಬಿಡಿಸಿ, ಬಿದ್ದದ್ದನ್ನು ವ್ಯಾಕ್ಯೂಮ್ ಕ್ಲೀನರ್‌ನಿಂದ ಎಳೆಯಿರಿ. ದ್ರವ ಪೂರ್ತಿ ಆರದೆ ವ್ಯಾಕ್ಯೂಮ್ ಹಚ್ಚಬೇಡಿ, ಅದರ ಆವಿಗೆ ಕಿಡಿ ತಾಗಿದರೆ ಬೆಂಕಿ. ಮಸಿ ಹೆಂಟೆಯನ್ನು ಒಳಕ್ಕೆ ತಳ್ಳುವುದಂತೂ ಕೂಡದು, ಅದು ಇನ್‌ಟೇಕ್ ವಾಲ್ವ್‌ಗೆ ಹೋಗಿ ಕೂತರೆ ಹೊಸ ತಲೆನೋವು. ಇಜಿಆರ್ ವಾಲ್ವನ್ನೂ ಇದೇ ಹೊತ್ತಿನಲ್ಲಿ ಬಿಚ್ಚಿ ಅದರ ಪಿನ್ ಮತ್ತು ಸೀಟ್ ಒರೆಸಿ. ಮೋಟಾರ್ ಇರುವ ಭಾಗ ಮೇಲಿರಲಿ, ಅದಕ್ಕೆ ಕ್ಲೀನರ್ ಇಳಿಯದಿರಲಿ. ಪಿನ್ ಸಲೀಸಾಗಿ ಚಲಿಸಿ ಪೂರ್ತಿ ಮುಚ್ಚಿಕೊಳ್ಳಬೇಕು. ವಾಲ್ವ್ ಬಿಚ್ಚಿದರೆ ಅದರ ಗ್ಯಾಸ್ಕೆಟ್ ಕೂಡ ಹೊಸದು.

ಹೊಸ ಪೈಪ್ ಕೂರಿಸುವುದು

ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ನೆಲದ ಮೇಲಿಟ್ಟು ನೋಡಿ: ಬಾಗು, ಉದ್ದ, ಫ್ಲ್ಯಾಂಜ್‌ನ ಕೋನ, ಬ್ರ್ಯಾಕೆಟ್‌ನ ಕಿವಿ ಎಲ್ಲ ಒಂದೇ ಇರಬೇಕು. ಹೊಸ ಸ್ಟಡ್‌ಗಳ ಥ್ರೆಡ್‌ಗೆ ತೆಳುವಾಗಿ ಆಂಟಿ-ಸೀಜ್ ಸವರಿ. ಮ್ಯಾನುವಲ್‌ನ ಟಾರ್ಕ್ ಅಂಕಿ ಒಣ ಥ್ರೆಡ್‌ಗೆ ಕೊಟ್ಟಿದ್ದರೆ ಪೇಸ್ಟ್ ಹಚ್ಚಿದಾಗ ತುಸು ಕಡಿಮೆಗೆ ನಿಲ್ಲಿಸಬೇಕು. ಗ್ಯಾಸ್ಕೆಟ್‌ಗೆ ಮಾತ್ರ ಏನೂ ಹಚ್ಚಬೇಡಿ. ಸಾದಾ ಸಿಲಿಕಾನ್ ಸೀಲೆಂಟ್ ಆ ಬಿಸಿಗೆ ನಿಲ್ಲುವುದಿಲ್ಲ, ಅದರ ಆವಿ ಆಕ್ಸಿಜನ್ ಸೆನ್ಸರನ್ನೂ ಕೆಡಿಸುತ್ತದೆ.

ಇನ್ನು ಕೆಲಸದ ಜೀವಾಳ. ಎರಡೂ ತುದಿಯ ನಟ್ ಬೋಲ್ಟ್‌ಗಳನ್ನು ಬರೀ ಬೆರಳಿನಿಂದ ಹಿಡಿಸಿ, ಬ್ರ್ಯಾಕೆಟ್ ಬೋಲ್ಟನ್ನೂ ಬೆರಳಿನಿಂದಲೇ ಹಿಡಿಸಿ. ಪೈಪ್ ತನ್ನಷ್ಟಕ್ಕೆ ತೂಗಾಡುವ ಹಾಗಿರಬೇಕು. ಫ್ಲ್ಯಾಂಜ್‌ಗಳು ಎರಡೂ ಕಡೆ ಚಪ್ಪಟೆಯಾಗಿ, ತಾವಾಗೇ ಕೂರಬೇಕು. ಒಂದು ತುದಿ ಕೂತಾಗ ಇನ್ನೊಂದು ಎದ್ದು ನಿಂತರೆ ಬೋಲ್ಟ್ ಬಿಗಿದು ಎಳೆದುಕೊಳ್ಳುವ ಆಸೆ ಬರುತ್ತದೆ. ಆ ಆಸೆಗೆ ಒಲಿದರೆ ಪೈಪ್ ಹುಟ್ಟಿದ ದಿನದಿಂದಲೇ ಎಳೆತದಲ್ಲಿ ಬದುಕುತ್ತದೆ. ಮತ್ತೆ ಬಿಚ್ಚಿ ನೋಡಿ: ಹಳೆ ಗ್ಯಾಸ್ಕೆಟ್ ಅಂಟಿಕೊಂಡಿದೆಯಾ, ವಾಲ್ವ್ ಓರೆ ಕೂತಿದೆಯಾ, ಬೇರೆ ಎಂಜಿನ್‌ನ ಪೈಪ್ ಕೈಗೆ ಬಂದಿದೆಯಾ, ಮ್ಯಾನಿಫೋಲ್ಡ್ ಜರುಗಿದೆಯಾ. ಮಡಿಕೆಯ ಭಾಗವನ್ನು ಕೈಯಲ್ಲಿ ಬಗ್ಗಿಸಿ ಹೊಂದಿಸಬೇಡಿ.

ಸರಿಯಾಗಿ ಕೂತ ಮೇಲೆ ಎಕ್ಸಾಸ್ಟ್ ಕಡೆಯ ಎರಡು ನಟ್‌ಗಳನ್ನು ಸರದಿಯಂತೆ ಸ್ವಲ್ಪ ಸ್ವಲ್ಪ ಬಿಗಿಯಿರಿ, ಆಮೇಲೆ ವಾಲ್ವ್ ಕಡೆ ಹಾಗೇ ಮಾಡಿ, ಬ್ರ್ಯಾಕೆಟ್ ಕಟ್ಟಕಡೆಗೆ. ಬ್ರ್ಯಾಕೆಟ್ ಪೈಪ್ ಇದ್ದಲ್ಲೇ ಅದನ್ನು ಹಿಡಿದುಕೊಳ್ಳಬೇಕು, ತನ್ನ ಕಡೆಗೆ ಎಳೆದುಕೊಳ್ಳಬಾರದು. ಟಾರ್ಕ್ ಎಷ್ಟು ಅನ್ನುವುದಕ್ಕೆ ನಿಮ್ಮ ಎಂಜಿನ್‌ನ ಮ್ಯಾನುವಲ್ಲೇ ಪ್ರಮಾಣ. ಸಾಮಾನ್ಯವಾಗಿ ಎಂ6 ಬೋಲ್ಟ್‌ಗೆ 10 ನ್ಯೂಟನ್ ಮೀಟರ್ ಆಸುಪಾಸು, ಎಂ8ಕ್ಕೆ 20ರಿಂದ 25 ಇರುತ್ತದೆ. ಕೆಲವು ಮ್ಯಾನುವಲ್‌ಗಳು ಕೆಜಿ-ಮೀಟರ್‌ನಲ್ಲಿ ಕೊಡುತ್ತವೆ, 1 ಕೆಜಿ-ಮೀಟರ್ ಅಂದರೆ 9.8 ನ್ಯೂಟನ್ ಮೀಟರ್. ಹೀಟ್ ಶೀಲ್ಡ್ ವಾಪಸ್ ಹಾಕಿ. ಹತ್ತಿರದ ವೈರ್, ರಬ್ಬರ್ ಹೋಸ್‌ಗಳನ್ನು ನೂರಾರು ಡಿಗ್ರಿ ಕಾಯುವ ಆ ಪೈಪಿನಿಂದ ಕಾಪಾಡುವುದು ಅದೇ. ಮುಂಚೆ ಬರೆದಿಟ್ಟುಕೊಂಡ ಪಟ್ಟಿಯಲ್ಲಿ ಹರಿದ ರಬ್ಬರ್, ಖಾಲಿ ಬೋಲ್ಟ್ ತೂತು ಏನಿತ್ತೋ ಅದನ್ನೆಲ್ಲ ಇವತ್ತೇ ಮುಗಿಸಿ.

ಸ್ಟಾರ್ಟ್ ಮಾಡಿ ನೋಡುವುದು

ತುರುಕಿದ ಬಟ್ಟೆಗಳೆಲ್ಲ ಹೊರಬಂದಿವೆಯಾ ಎಣಿಸಿ ನೋಡಿ, ಬ್ಯಾಟರಿ ಕೊಟ್ಟು, ಬಯಲಿನಲ್ಲಿ ಸ್ಟಾರ್ಟ್ ಮಾಡಿ. ಮೊದಲ ಹತ್ತು ನಿಮಿಷ ಎಣ್ಣೆ, ಪೇಸ್ಟ್ ಸುಡುವ ತೆಳು ಹೊಗೆ ಬರುತ್ತದೆ, ಗಾಬರಿ ಬೇಡ. ಬ್ಯಾಟರಿ ಬಿಚ್ಚಿದ್ದರಿಂದ ಐಡಲ್ ಸ್ವಲ್ಪ ಹೊತ್ತು ಏರುಪೇರಾಗಬಹುದು. ಹೋಸ್ ತುಂಡಿನಿಂದ ಎರಡೂ ತುದಿ ಕೇಳಿ. ಮನೆಯವರೊಬ್ಬರು ದಪ್ಪ ಬಟ್ಟೆಯಿಂದ ಸೈಲೆನ್ಸರ್ ಬಾಯಿಯನ್ನು ಕ್ಷಣಕಾಲ ಅರ್ಧ ಮುಚ್ಚಿದರೆ ಒತ್ತಡ ಏರಿ ಸಣ್ಣ ಸೋರಿಕೆಯೂ ಸದ್ದು ಮಾಡುತ್ತದೆ.

ಹಳೆ ಕೋಡ್ ಅಳಿಸಿ, ಬೆಳಗ್ಗೆ ಬೇಗ ಬಳ್ಳಾರಿ ರಸ್ತೆಯಲ್ಲೋ ತುಮಕೂರು ರಸ್ತೆಯಲ್ಲೋ ಒಂದೇ ವೇಗದಲ್ಲಿ ಕಾಲು ಗಂಟೆ ಓಡಿಸಿ. ಐಡಲ್‌ನಲ್ಲಿ, ಎಂಜಿನ್ ತಣ್ಣಗಿದ್ದಾಗ, ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಇಜಿಆರ್ ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಎಷ್ಟು ಹೊತ್ತು ತೆವಳಿದರೂ ಎಂಜಿನ್‌ನ ಕಂಪ್ಯೂಟರ್‌ಗೆ ಅದನ್ನು ಪರೀಕ್ಷಿಸುವ ಅವಕಾಶ ಸಿಗದು. ಕೋಡ್ ಅಳಿಸದೆ ಬಿಟ್ಟರೂ, ಪರೀಕ್ಷೆ ಸಾಮಾನ್ಯವಾಗಿ ಮೂರು ಓಟಗಳಲ್ಲಿ ಸತತವಾಗಿ ಪಾಸಾದರೆ ಲೈಟ್ ತಾನೇ ಆರುತ್ತದೆ.

ಎಮಿಷನ್ ಟೆಸ್ಟ್ ಬಗ್ಗೆಯೂ ಹೇಳಿಬಿಡುತ್ತೇನೆ. ಪೆಟ್ರೋಲ್ ಕಾರಿಗೆ ಅಲ್ಲಿ ಅಳೆಯುವುದು ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್. ಬಿಎಸ್4 ಮತ್ತು ನಂತರದ ಕಾರುಗಳಿಗೆ 2500 ಆರ್‌ಪಿಎಂ ಸುತ್ತಮುತ್ತ ಲ್ಯಾಂಬ್ಡಾ (ಗಾಳಿ ಮತ್ತು ಪೆಟ್ರೋಲ್ ಮಿಶ್ರಣದ ಅಳತೆ) ಕೂಡ ನೋಡಬೇಕು, ಅದು 0.97ರಿಂದ 1.03ರೊಳಗಿರಬೇಕು. ಒಡೆದ ಪೈಪಿನಿಂದ ಗಾಳಿ ಸೇರಿದರೆ ಈ ಅಂಕಿ ಕೆಡಬಹುದು. ನೈಟ್ರೋಜನ್ ಆಕ್ಸೈಡನ್ನು ಮಾತ್ರ ಆ ಯಂತ್ರ ಅಳೆಯುವುದಿಲ್ಲ. ಹೀಗಾಗಿಯೇ ತಗಡು ಹಾಕಿ ಇಜಿಆರ್ ಮುಚ್ಚಿದ ಕಾರಿಗೂ ಸರ್ಟಿಫಿಕೇಟ್ ಸಿಕ್ಕಿಬಿಡುತ್ತದೆ. ಸರ್ಟಿಫಿಕೇಟ್ ಸಿಕ್ಕಿತು ಅಂತ ಆ ಹೊಗೆ ಇಲ್ಲವಾಗುವುದಿಲ್ಲ, ಬಸ್ ಸ್ಟಾಪಿನಲ್ಲಿ ನಿಂತವರು, ಸಿಗ್ನಲ್‌ನಲ್ಲಿ ಎಂಟು ಗಂಟೆ ನಿಲ್ಲುವ ಟ್ರಾಫಿಕ್ ಪೊಲೀಸರು ಅದನ್ನೇ ಉಸಿರಾಡುತ್ತಾರೆ. ಮಾಲಿನ್ಯ ಮಿತಿ ಮೀರಿದ ವಾಹನ ಓಡಿಸುವುದು ಮೋಟಾರು ವಾಹನ ಕಾಯ್ದೆಯ 190(2)ರ ಪ್ರಕಾರ ಅಪರಾಧವೂ ಹೌದು. ಯಾರೇ ಮೆಕ್ಯಾನಿಕ್ ಬ್ಲಾಕ್ ಮಾಡೋಣ ಅಂದರೆ ಒಪ್ಪಬೇಡಿ, ಪೈಪ್ ಹಾಕಿಸಿ.

ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಒಂದು ಬೆಳಗ್ಗೆ, ತಣ್ಣನೆ ಎಂಜಿನ್ ಮೇಲೆ, ಟಾರ್ಕ್ ರೆಂಚ್ ಹಿಡಿದು ಎರಡೂ ತುದಿಯ ನಟ್‌ಗಳನ್ನು ಇನ್ನೊಮ್ಮೆ ಪರೀಕ್ಷಿಸಿ. ಗ್ಯಾಸ್ಕೆಟ್ ಬಿಸಿಗೆ ಕೂತುಕೊಂಡು ನಟ್ ಒಂದಿಷ್ಟು ಸಡಿಲಾಗಿರಬಹುದು. ಫ್ಲ್ಯಾಂಜ್ ಸುತ್ತ ಬಿಳಿ ಬಟ್ಟೆಯಿಂದ ಒರೆಸಿ ನೋಡಿ, ಮಸಿ ಹತ್ತದಿದ್ದರೆ ಆಯಿತು.